ಮುಂಬಯಿಯಲ್ಲಿ ತೆಗೆಸಿದ ಎದೆಯ ಫೋಟೋ

ನಮ್ಮ ಊರಿಗೆ ಸಮುದ್ರದ ಪರಿಚಯವಿಲ್ಲ. ನವಲಗುಂದದಿಂದ ಅಣ್ಣಿಗೇರಿಗೆ ಹೋಗುವ ದಾರಿಯಲ್ಲಿ ನಿಂತು ಯಾವ ದಿಕ್ಕಿಗೆ ಕಣ್ಣು ಹಾಯಿಸಿದರೂ ಎರೆಮಣ್ಣು, ಹತ್ತಿ, ಕಡಲೆ, ಅದರಾಚೆಗೆ ಮತ್ತೆ ಎರೆಮಣ್ಣು. ನೀರು ಅಂದರೆ ನಮಗೆ ಊರ ಮುಂದಿನ ಕೆರೆ, ಹೆಚ್ಚೆಂದರೆ ಮಳೆಗಾಲದಲ್ಲಿ ಸಿಟ್ಟಿಗೇಳುವ ಬೆಣ್ಣೆಹಳ್ಳ. ಅಂಥ ಊರಿನವನಾದ ನಾನು ಹಡಗಿಗೆ ಬೆಸುಗೆ ಹಾಕಲು ಹೊರಟಿದ್ದೇನೆ ಅಂತ ಗೊತ್ತಾದಾಗ ಕಟ್ಟೆಯ ಮೇಲೆ ಕೂತವರು ನಕ್ಕಿದ್ದರಲ್ಲಿ ತಪ್ಪೇನಿಲ್ಲ.

"ಟ್ರೇಲರ್ ಕಟ್ಟಾವ ಹಡಗಕ್ಕ ಕೈ ಹಾಕ್ಯಾನ. ಅದಕ್ಕೂ ಮುಂದೊಂದು ಕೊಂಡಿ ಹಚ್ಚಿ ಟ್ರ್ಯಾಕ್ಟರಿಗೆ ಸಿಗಿಸಿಬಿಟ್ಟಾನು" ಅಂತ ಒಬ್ಬ ಅಂದನಂತೆ.

ಅದನ್ನು ಫೋನಿನಲ್ಲಿ ನನಗೆ ಹೇಳಿದವಳು ನನ್ನ ಹೆಂಡತಿ. ಹೇಳುವಾಗ ಅವಳೂ ನಕ್ಕಳು. ನಾನು ಆಗ ಊರಲ್ಲಿರಲಿಲ್ಲ. ವೀಸಾದ ಕೆಲಸವೆಲ್ಲ ನಡೆದದ್ದು ನಾನು ಮನೆ ಬಿಟ್ಟು ಪರಊರಲ್ಲಿ ದುಡಿಯುತ್ತಿದ್ದಾಗ.

ಎಂಟನೆಯ ಇಯತ್ತೆಗೆ ಹೆಸರು ಹಚ್ಚಿ ನಡುವೆಯೇ ಸಾಲಿ ಬಿಟ್ಟವನು ನಾನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಸಾಲಿಯ ಕಿಟಕಿಗೆ ಎದುರಾಗಿ ನನ್ನ ಸೋದರಮಾವನ ಬೆಸುಗೆ ಶೆಡ್ಡು ಇತ್ತು. ಅಲ್ಲಿ ನೀಲಿ ಬೆಳಕು ಹತ್ತುವುದು, ಆರುವುದು, ಮತ್ತೆ ಹತ್ತುವುದು. ಮಾಸ್ತರರು ಹಲಗೆಯ ಮೇಲೆ ಬರೆದದ್ದಕ್ಕಿಂತ ಆ ಬೆಳಕು ನನಗೆ ಬೇಗ ಅರ್ಥವಾಗುತ್ತಿತ್ತು. ಎರಡು ಬೇರೆ ಬೇರೆ ಕಬ್ಬಿಣದ ತುಂಡು ಒಂದಾಗಿ, ಮೇಲೆ ಸುತ್ತಿಗೆಯಿಂದ ಬಡಿದರೂ ಬಿಡದೆ ನಿಲ್ಲುವುದನ್ನು ನೋಡಿದ ಮೇಲೆ ನನಗೆ ಬೇರೆ ವಿದ್ಯೆ ರುಚಿಸಲಿಲ್ಲ. ಇವತ್ತಿಗೂ ಈ ತಾಲೂಕಿನಲ್ಲಿ ನಾನು ಕಟ್ಟಿದ ಟ್ರೇಲರ್ ಎದುರಿಗೆ ಬಂದರೆ ದೂರದಿಂದಲೇ ಗುರುತು ಹಿಡಿಯುತ್ತೇನೆ. ಅದರ ಮೂಲೆಗಳು ಬಿಚ್ಚಿದ್ದನ್ನು ಯಾರಾದರೂ ತೋರಿಸಲಿ ನೋಡೋಣ.

ಮಾಮಾ ನನ್ನ ಅವ್ವನ ಬೆನ್ನಿಗೆ ಬಿದ್ದ ತಮ್ಮ. ಮುಂದೆ ಅವನ ಮಗಳನ್ನೇ ನಾನು ಮದುವೆಯಾದೆ. ಹೀಗಾಗಿ ಅವನು ನನಗೆ ಎರಡೂ ಕಡೆಯಿಂದ ಮಾವ. ಮದುವೆಯಾದ ಹೊಸದರಲ್ಲಿ ನಾಲ್ಕು ಮಂದಿಯ ಎದುರು ಮರ್ಯಾದೆಯಿಂದ ಇರೋಣ ಅಂತ, "ಬರ್ರಿ ಮಾಮಾ, ಕುಂದರ್ರಿ" ಅಂದೆ.

"ಯಾಕಲೇ ಅಳ್ಯಾ, ಮೈಯಾಗ ಆರಾಮ ಇಲ್ಲೇನು?" ಅಂತ ಹಣೆ ಮುಟ್ಟಿ ನೋಡಿದ.

ಅವತ್ತಿಗೆ ಬಿಟ್ಟೆ. ಅವನು ನನಗೆ 'ನೀ', ನಾನು ಅವನಿಗೆ 'ನೀ'.

ಶೆಡ್ಡಿಗೆ ಕಾಲಿಟ್ಟ ಮೊದಲ ದಿನ ಅವನು ನನಗೆ ಬೆಸುಗೆ ಕಲಿಸಲಿಲ್ಲ, ನನ್ನ ಕೊರಳಿಗೆ ಕೈ ಹಾಕಿದ. ಹುಟ್ಟಿದಾಗ ಕಟ್ಟಿದ ಲಿಂಗ ಬೆಳ್ಳಿಯ ಕರಡಿಗೆಯಲ್ಲಿ ನನ್ನ ಎದೆಯ ಮೇಲೆ ತೂಗುತ್ತಿತ್ತು. ಮೈಯಿಂದ ಅದನ್ನು ಅಗಲಿಸಬಾರದು ಅಂತ ನನ್ನ ಅಜ್ಜಿ ಹೇಳಿ ಹೇಳಿ ನನ್ನ ತಲೆಯಲ್ಲಿ ಕೂರಿಸಿದ್ದಳು. ಮಾಮಾ ಕರಡಿಗೆ ಬಿಚ್ಚಿದ, ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ಗಂಟು ಹಾಕಿದ, ಶಿವದಾರವನ್ನು ಉದ್ದ ಮಾಡಿ ಎಡಹೆಗಲಿನಿಂದ ಬಲಗಡೆಯ ಪಕ್ಕೆಗೆ ಇಳಿಬಿಟ್ಟ.

"ಬೆಳ್ಳಿ ಮನ್ಯಾಗ ಇಡು. ಕಿಡಿ ಬಿದ್ದು ಕಾದ್ರ ಎದಿ ಸುಡ್ತೈತಿ. ಬಗ್ಗೂ ಮುಂದ ಇದನ್ನ ಹಿಂದಕ್ಕ ಸರಿಸು. ಇಲ್ಲಂದ್ರ ರಾಡ್ ಹಿಡಿಯೂ ಹೋಲ್ಡರಿಗೆ ಅಡ್ಡ ಬರ್ತೈತಿ."

ಅಂದಿನಿಂದ ಕೆಲಸಕ್ಕೆ ಬಗ್ಗುವ ಮೊದಲು ಮೊಣಕೈಯಿಂದ ಲಿಂಗವನ್ನು ಬೆನ್ನಿಗೆ ಸರಿಸುವುದು ನನಗೆ ರೂಢಿಯಾಯಿತು. ಪಂಚೆ ಎತ್ತಿ ಕಟ್ಟುವವನಿಗೆ ಕೈ ಎತ್ತ ಹೋಯಿತು ಅನ್ನುವುದು ಗೊತ್ತಾಗುತ್ತದೆಯೇ? ಹಾಗೆ. ನಮ್ಮ ಕಡೆ ಹೊಲದಲ್ಲಿ ಬಗ್ಗಿ ಕೆಲಸ ಮಾಡುವವರೂ ಹೀಗೇ ಮಾಡುತ್ತಾರೆ.

ಮಳೆಗಾಲದಲ್ಲಿ ನಮ್ಮ ಶೆಡ್ಡಿಗೆ ಕೆಲಸ ಕಡಿಮೆ. ಆಗ ಕೊಲ್ಲಾಪುರದ ಕಡೆಯ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯುವುದನ್ನು ನಿಲ್ಲಿಸಿ ರಿಪೇರಿಗೆ ಕೂತಿರುತ್ತವೆ. ವರ್ಷವೂ ಮಾಮಾ ಮತ್ತು ನಾನು ಹೋಲ್ಡರು, ಮುಖಕ್ಕೆ ಹಿಡಿಯುವ ಗಾಜು, ರೊಟ್ಟಿಯ ಗಂಟು ಕಟ್ಟಿಕೊಂಡು ಅಲ್ಲಿಗೆ ಹೋಗುತ್ತಿದ್ದೆವು. ಕಬ್ಬಿನ ಹಾಲು ಕುದಿಸುವ ದೊಡ್ಡ ಪಾತ್ರೆಗಳ ಒಳಗಿಳಿದು ತೂತು ಮುಚ್ಚುವುದು, ಬಾಯ್ಲರಿನ ಕೊಳವೆ ಜೋಡಿಸುವುದು ನಮ್ಮ ಕೆಲಸ. ಹಾಗೆ ಜೋಡಿಸಿದ ಕೊಳವೆಗೆ ಎಕ್ಸ್-ರೇ ತೆಗೆಯುತ್ತಾರೆ. ಬೆಸುಗೆಯ ಒಳಗೆ ಗಾಳಿ ಸಿಕ್ಕಿದ್ದರೆ ಫಿಲ್ಮಿನಲ್ಲಿ ಚುಕ್ಕಿ ಬೀಳುತ್ತದೆ. ಚುಕ್ಕಿ ಬಿದ್ದರೆ ಕೊರೆದು ತೆಗೆದು ಹೊಸದಾಗಿ ತುಂಬಬೇಕು. ನನ್ನ ಫಿಲ್ಮುಗಳು ಸಾಮಾನ್ಯವಾಗಿ ಸ್ವಚ್ಛ ಬರುತ್ತಿದ್ದವು.

ಅಂಥ ಒಂದು ಫಿಲ್ಮು ನೋಡಿಯೇ ಅಲ್ಲಿಯ ಮೇಸ್ತ್ರಿ ಒಬ್ಬ ನನ್ನನ್ನು ಬದಿಗೆ ಕರೆದ. ಅವನು ಓಮಾನಿನಲ್ಲಿ ಹಡಗು ರಿಪೇರಿ ಮಾಡುವ ಜಾಗದಲ್ಲಿ ಕೆಲವು ವರ್ಷ ದುಡಿದು ಬಂದವನು. ಅಲ್ಲಿ ನಿನ್ನಂಥವರು ಬೇಕಾಗಿದ್ದಾರೆ, ಮುಂಬಯಿಯಲ್ಲಿ ಪರೀಕ್ಷೆ ಇದೆ, ಹೋಗುತ್ತೀಯಾ ಅಂದ. ನೀರಿಲ್ಲದ ಕಡೆ ಬೆಳೆದವನಿಗೆ ನೀರಿನಲ್ಲಿ ತೇಲುವ ಕಬ್ಬಿಣದ ಮೇಲೆ ಕೈ ಆಡಿಸಬೇಕು ಅನ್ನುವ ಆಸೆ ಎಲ್ಲಿ ಕೂತಿತ್ತೋ, ಅವನು ಕೇಳಿದ ಕೂಡಲೇ ಎದ್ದು ನಿಂತಿತು. ರೊಕ್ಕದ ಆಸೆ ಇರಲಿಲ್ಲ ಅಂದರೆ ಸುಳ್ಳು. ಆದರೆ ರೊಕ್ಕಕ್ಕೆ ಅಂತಲೇ ಆಗಿದ್ದರೆ ನಾನು ಅಷ್ಟು ನಿದ್ದೆಗೆಡುತ್ತಿರಲಿಲ್ಲ.

ಮಾಮಾನಿಗೆ ಹೇಳಿದೆ. ಅವನು ಬೀಡಿ ಹಚ್ಚಿ ಎರಡು ಸಲ ಕೆಮ್ಮಿ, "ಹೋಗು" ಅಂದ. ಆಮೇಲೆ, "ನೀರಿನ್ಯಾಗ ಇಳಿಯೂದಕ್ಕ ಬೆಸಿಗಿ ಹಾಕಿದಾವ ನಮ್ಮ ಮನಿತನದಾಗ ಯಾರೂ ಇಲ್ಲ. ನೀ ಹಾಕಿದ್ದು ಸೋರಿತಂದ್ರ ಮಾತ್ರ ನನ್ನ ಹೆಸರ ಹೇಳಬ್ಯಾಡ" ಅಂದ.

ಮುಂಬಯಿಯ ಪರೀಕ್ಷೆಯಲ್ಲಿ ಪಾಸಾದೆ. ಇನ್ನು ಪಾಸ್‌ಪೋರ್ಟ್ ಕೊಡಬೇಕು, ಮೈ ತಪಾಸಣೆ ಆಗಬೇಕು, ಆಮೇಲೆ ವೀಸಾ ಅಂದರು. ಪಾಸ್‌ಪೋರ್ಟು ಊರಲ್ಲಿತ್ತು. ಕಾರ್ಖಾನೆಗೆ ಮರಳಿ ಹೆಂಡತಿಗೆ ಫೋನ್ ಮಾಡಿದೆ. ನಮ್ಮೂರಿನವರೊಬ್ಬರು ಹುಬ್ಬಳ್ಳಿಯಿಂದ ಕೊಲ್ಲಾಪುರಕ್ಕೆ ಬರುವವರಿದ್ದರು, ಅವರ ಕೈಯಲ್ಲಿ ಗಂಟು ಕಳಿಸಿದಳು. ಮತ್ತೆ ಫೋನ್ ಮಾಡಿ ಎಚ್ಚರಿಸಿದಳು.

"ರೊಟ್ಟಿ ನಡುವ ಇಟ್ಟೇನ್ರಿ. ಹಸಿವಿಯಾಗಿ ಅದನ್ನೂ ಮುರಕೊಂಡು ತಿಂದೀರಿ, ನೋಡಿ ತಿನ್ರಿ."

"ರೊಟ್ಟಿ ನಡುವ ಯಾಕ ಇಟ್ಟಿ?"

"ಮತ್ತೆಲ್ಲಿಡಲಿ? ಮಡಚಬಾರದು ಅಂದ್ರಿ. ಖಡಕ್ ರೊಟ್ಟಿಕಿಂತ ಗಟ್ಟಿ ನಮ್ಮ ಮನ್ಯಾಗ ಏನೈತಿ?"

ಪಾಸ್‌ಪೋರ್ಟು ಒಂದು ಮಡಿಕೆಯೂ ಬೀಳದೆ ಬಂತು. ಆದರೆ ಜೊತೆಗಿದ್ದ ಗುರೆಳ್ಳು ಚಟ್ನಿಯ ವಾಸನೆ ಅದಕ್ಕೆ ಹಿಡಿದುಬಿಟ್ಟಿತ್ತು. ಮುಂಬಯಿಯ ಕಚೇರಿಯಲ್ಲಿ ಅದನ್ನು ತೆಗೆದುಕೊಂಡ ಹುಡುಗಿ ಪುಟ ತಿರುವಿ, ಮೂಗಿಗೆ ಹತ್ತಿರ ಹಿಡಿದು, ನನ್ನ ಮುಖ ನೋಡಿ, ಮತ್ತೆ ಪುಟ ತಿರುವಿದಳು. ನಾನು ಬೇರೆ ಕಡೆ ನೋಡಿದೆ. ಹಿಂದೆ ನಿಂತಿದ್ದ ಮಾಮಾ ಮಾತ್ರ, ಬೇಕಾದರೆ ಚಟ್ನಿ ಇನ್ನೂ ಸ್ವಲ್ಪ ಉಳಿದಿದೆ, ಕೊಡಲೇ ಅಂತ ತನ್ನ ಹರಕು ಮರಾಠಿಯಲ್ಲಿ ಕೇಳಿದ.

ಮಾಮಾ ಬಂದದ್ದು ತಾನಾಗಿಯೇ. ಬೇಡ ಅಂದರೂ ಒಂದು ಹಳೆಯ ಜಮಖಾನೆ ಸುತ್ತಿಕೊಂಡು ಹೊರಟ. ಅದು ಅವನ ಹೆಂಡತಿ, ನನ್ನ ಅತ್ತೆ, ನವಲಗುಂದದ ತನ್ನ ತವರಿನ ಕಡೆ ನೇಯಿಸಿಕೊಂಡು ತಂದದ್ದು. ಅತ್ತೆ ತೀರಿಕೊಂಡ ಮೇಲೆ ಅವನು ಅದನ್ನು ಬಿಟ್ಟು ಮಲಗಿದವನಲ್ಲ. ಮುಂಬಯಿಯ ವಸತಿಗೃಹದ ಬಿಳಿ ಚಾದರದ ಮೇಲೆ ಅದನ್ನು ಹಾಸಿ, "ಈಗ ಮನಿ ಆತು" ಅಂತ ಕಾಲು ಚಾಚಿದ.

ತಪಾಸಣೆಯ ಜಾಗದಲ್ಲಿ ಎಲ್ಲರೂ ನನ್ನಂಥವರೇ. ಬಡಗಿಗಳು, ಡ್ರೈವರುಗಳು, ಅಡಿಗೆಯವರು. ರಕ್ತ ಕೊಟ್ಟು, ಕಣ್ಣು ತೋರಿಸಿ, ತೂಕ ಮಾಡಿಸಿಕೊಂಡು ಕೊನೆಗೆ ಎಕ್ಸ್-ರೇ ಕೋಣೆಗೆ ಬಂದೆವು. ಹಿಂದೆ ಲಾಡಿ ಕಟ್ಟುವ ಒಂದು ನೀಲಿ ಅಂಗಿ ಕೊಟ್ಟರು. ಎದೆಯ ಮೇಲೆ ಚೈನು, ತಾಯತ, ಏನೂ ಇರಬಾರದು ಅಂತ ಅಲ್ಲಿದ್ದವನು ಒಬ್ಬೊಬ್ಬರಿಗೂ ಹಿಂದಿಯಲ್ಲಿ ಹೇಳುತ್ತಿದ್ದ. ಸರಿ ಅಂತ, ಕೆಲಸಕ್ಕೆ ನಿಲ್ಲುವ ಮೊದಲು ಮಾಡುವ ಹಾಗೆಯೇ ನಾನು ಎದೆ ಖಾಲಿ ಮಾಡಿಕೊಂಡೆ. ಹಲಗೆಗೆ ಎದೆ ಒತ್ತಿ, ಗದ್ದ ಎತ್ತಿ, ಉಸಿರು ಹಿಡಿದು ನಿಂತೆ. ಟಕ್ ಅಂತು, ಮುಗಿಯಿತು.

ಅವತ್ತು ಸಂಜೆಯ ಬಸ್ಸಿಗೆ ಕಾರ್ಖಾನೆಗೆ ಮರಳಿದೆವು. ದಾರಿಯುದ್ದಕ್ಕೂ ಮಾಮಾ ನನಗೆ ಓಮಾನಿನಲ್ಲಿ ಹೇಗಿರಬೇಕು ಅಂತ ಉಪದೇಶ ಮಾಡಿದ. ಅವನು ಗೋವೆಗೂ ಹೋದವನಲ್ಲ.

ಕೆಲವು ದಿನಗಳಾದ ಮೇಲೆ ಮುಂಬಯಿಯಿಂದ ಫೋನ್ ಬಂತು. ಎದೆಯ ಫೋಟೋದಲ್ಲಿ ಬಲಗಡೆ ಒಂದು ದುಂಡನೆಯ ಚುಕ್ಕಿ ಕಾಣುತ್ತಿದೆ. ಮುಂದಿನ ಸೋಮವಾರ ಬಂದು ಡಾಕ್ಟರನ್ನು ಕಾಣಬೇಕು, ಮತ್ತೊಮ್ಮೆ ಫೋಟೋ ತೆಗೆಯುತ್ತಾರೆ, ಕಫದ ಪರೀಕ್ಷೆಯೂ ಆಗಬಹುದು. ಅಲ್ಲಿಯೂ ಚುಕ್ಕಿ ಉಳಿದರೆ ಹೆಸರಿನ ಮುಂದೆ ಅನರ್ಹ ಅಂತ ಬೀಳುತ್ತದೆ, ಆಮೇಲೆ ಓಮಾನ್ ಅಷ್ಟೇ ಅಲ್ಲ, ಆ ಸುತ್ತಿನ ಯಾವ ದೇಶವೂ ತೆಗೆದುಕೊಳ್ಳುವುದಿಲ್ಲ.

ಫೋನ್ ಇಟ್ಟು ನಾನು ಮಾಮಾನಿಗೆ ಇಷ್ಟನ್ನೂ ಹೇಳಿದೆ. ಅವನ ಕೈಯಲ್ಲಿ ಬೀಡಿ ಇತ್ತು. ಅದನ್ನು ನೆಲಕ್ಕೆ ಒತ್ತಿ ಆರಿಸಿದ. ಆಮೇಲೆ ಮುಂಬಯಿಯಿಂದ ಬರುವ ತನಕ ಹಚ್ಚಲಿಲ್ಲ.

ನನಗೆ ಹೆದರಿಕೆ ಆಗಲಿಲ್ಲ ಅನ್ನುವುದಿಲ್ಲ. ಚಿಕ್ಕಂದಿನಿಂದ ಕಬ್ಬಿಣದ ಹೊಗೆ ಕುಡಿದ ಎದೆ. ಒಳಗಿನಿಂದ ಅದು ಹೇಗಿದೆಯೋ ಯಾರು ಕಂಡವರು? ಮಲಗಿದಾಗ ಉಸಿರು ಎಳೆದು ಬಿಟ್ಟು ಪರೀಕ್ಷೆ ಮಾಡಿಕೊಳ್ಳುತ್ತಿದ್ದೆ. ಎಲ್ಲವೂ ಸರಿಯಾಗಿಯೇ ಇದ್ದಂತೆ ಅನಿಸುತ್ತಿತ್ತು, ಅದೇ ಹೆಚ್ಚು ಹೆದರಿಸುತ್ತಿತ್ತು. ಆದರೆ ನನಗಿಂತ ಮಾಮಾ ಬದಲಾದ. ಬೈಯುವುದನ್ನು ಬಿಟ್ಟ. ನಾನು ಬೆಸುಗೆಯ ರಾಡು ಕೆಳಗೆ ಚೆಲ್ಲಿದರೂ ಬೈಯಲಿಲ್ಲ. ಹೊಗೆ ತುಂಬುವ ಪಾತ್ರೆಯ ಒಳಗಿನ ಕೆಲಸಕ್ಕೆ ಯಾವಾಗಲೂ ನಾನು ಇಳಿಯುತ್ತಿದ್ದೆ, ಅವನು ಮೇಲೆ ನಿಂತು ರಾಡು ಕೊಡುತ್ತಿದ್ದ. ಮರುದಿನ ನಾನು ಬರುವಷ್ಟರಲ್ಲಿ ಅವನೇ ಒಳಗಿಳಿದು ಕೂತಿದ್ದ.

"ಮಾಮಾ, ಮ್ಯಾಲ ಬಾ. ಒಳಗಿನ ಕೆಲಸ ನಂದು."

"ಹೊರಗ ಗಾಳಿ ಐತಿ. ನೀ ಅಲ್ಲೇ ಕುಂದ್ರು."

"ಕೆಮ್ಮ ಇರೂದು ನಿನಗ."

"ನನಗ ವೀಸಾ ಬೇಕಾಗಿಲ್ಲ. ರಾಡ್ ಕೊಡು."

ನನಗೆ ಸಿಟ್ಟು ಬಂತು. ದುಡಿಯುವ ಕೈಯನ್ನು ಕೂರಿಸಿದರೆ ನನಗೆ ಆಗುವುದಿಲ್ಲ. ಆದರೆ ಪಾತ್ರೆಯ ಬಾಯಿಯಲ್ಲಿ ಬಗ್ಗಿ ನೋಡಿದಾಗ, ಆ ವಯಸ್ಸಿನಲ್ಲಿ ಕಾಲು ಮಡಿಸಿಕೊಂಡು ಕತ್ತಲಲ್ಲಿ ಕೂತು, ಮುಖದ ಮುಂದೆ ಗಾಜು ಹಿಡಿದು ಅವನು ಬೆಸುಗೆಯ ಗೆರೆ ಎಳೆಯುತ್ತಿದ್ದ ರೀತಿ ಕಂಡು ಸುಮ್ಮನೆ ರಾಡು ಕೊಟ್ಟೆ.

ಹೆಂಡತಿಗೆ ಹೇಳುವುದು ಬೇಡ ಅಂತ ಇಬ್ಬರೂ ಮಾತಾಡಿಕೊಂಡಿದ್ದೆವು. ಎರಡನೆಯ ದಿನವೇ ಅವಳ ಫೋನ್ ಬಂತು.

"ಅಪ್ಪಗ ಏನಾಗೇತ್ರಿ?"

"ಏನಾಗೇತಿ? ಆರಾಮ ಅದಾನ."

"ನಿನ್ನೆ ಫೋನ್ ಹಚ್ಚಿದ್ರ 'ಉಂಡ್ಯೇನವಾ, ಹೆಂಗದಿ ಮಗಳ' ಅಂದ. ಹುಟ್ಟಿದಾಗಿಂದ ಹಂಗ ಮಾತಾಡ್ಸಿಲ್ಲ ನನ್ನ. 'ಯಾಕ ಫೋನ್ ಹಚ್ಚಿದಿ, ರೊಕ್ಕ ದಂಡ' ಅಂತ ಬೈಯಾವ. ಏನ ಮುಚ್ಚಿಟ್ಟೀರಿ ಇಬ್ರೂ?"

ಹೇಳಿದೆ. ಆ ಕಡೆ ನಮ್ಮ ಎಮ್ಮೆ ಒದರುವುದು ಕೇಳಿಸಿತು.

"ಸುಳ್ಳ ಅದು" ಅಂದಳು ಆಮೇಲೆ. "ಯಾರದ್ದೋ ಫೋಟೋ ನಿಮ್ಮ ಹೆಸರಿಗೆ ಹಚ್ಚ್ಯಾರ. ಹತ್ತಿ ಅಂಡಿಗಿ ಹೊತಗೊಂಡು ಅಟ್ಟ ಹತ್ತಾವರಿಗೆ ಎದ್ಯಾಗ ಚುಕ್ಕಿ ಎಲ್ಲಿಂದ ಬರ್ತೈತಿ?"

"ನೋಡೂಣು. ಸೋಮವಾರ ಹೊಂಟೇವಿ."

"ನೋಡೂದೇನೈತಿ. ಇಲ್ಲ ಅಂದ್ರ ಇಲ್ಲ. ಹಡಗ ಇಲ್ಲಂದ್ರ ನಮ್ಮ ಟ್ರೇಲರ್ ಎಲ್ಲಿಗೂ ಓಡಿ ಹೋಗಿಲ್ಲ." ದನಿ ಇಳಿಸಿದಳು. "ಅಪ್ಪನ್ನೊಬ್ಬನ್ನ ಬಿಡಬ್ಯಾಡ್ರಿ. ಅವ ಉಣ್ಣೂದು ಬಿಟ್ಟಿರ್ತಾನ."

ಅವಳು ಹೇಳಿದ್ದು ನಿಜ. ಅವನು ತಾಟಿನ ಮುಂದೆ ಕೂರುತ್ತಿದ್ದ, ರೊಟ್ಟಿ ಮುರಿಯುತ್ತಿದ್ದ, ಮುರಿದದ್ದನ್ನು ನನ್ನ ತಾಟಿಗೆ ಸರಿಸಿ ಏಳುತ್ತಿದ್ದ.

ಸೋಮವಾರ ಬೆಳಿಗ್ಗೆ ಮುಂಬಯಿಯಲ್ಲಿ ಇಳಿದೆವು. ಡಾಕ್ಟರು ವಯಸ್ಸಾದ ಹೆಂಗಸು, ಮೆಲ್ಲಗೆ ಮಾತಾಡುವವರು. ಇಬ್ಬರನ್ನೂ ಒಳಗೆ ಕರೆದು, ಬೆಳಕಿನ ಹಲಗೆಗೆ ನನ್ನ ಫೋಟೋ ಸಿಗಿಸಿ ತೋರಿಸಿದರು. ಪಕ್ಕೆಲುಬುಗಳ ನಡುವೆ, ಬಲಗಡೆಯ ಕೆಳಭಾಗದಲ್ಲಿ, ನಿಂಬೆಹಣ್ಣಿನಷ್ಟು ಒಂದು ದುಂಡು. ಕೆಮ್ಮು ಇದೆಯೇ, ಜ್ವರ ಬರುತ್ತದೆಯೇ, ತೂಕ ಇಳಿದಿದೆಯೇ, ಎಷ್ಟು ವರ್ಷದಿಂದ ಈ ಹೊಗೆಯ ಕೆಲಸ ಅಂತ ಕೇಳಿದರು. ಕೊನೆಯ ಪ್ರಶ್ನೆಗೆ ನಾನು ಬಾಯಿ ತೆರೆಯುವ ಮೊದಲು ಮಾಮಾ ಉತ್ತರ ಕೊಟ್ಟ. ಮೀಸೆ ಬರುವ ಮೊದಲಿನಿಂದ, ನಾನೇ ಕಲಿಸಿದ್ದು ಅಂದ. ಡಾಕ್ಟರು ತಲೆಯಾಡಿಸಿ, ಎದುರಿನಿಂದಲೂ ಪಕ್ಕದಿಂದಲೂ ಹೊಸ ಫೋಟೋ ತೆಗೆಯೋಣ, ಕರೆಯುವ ತನಕ ಹೊರಗೆ ಕೂತಿರಿ ಅಂದರು.

ಮತ್ತೆ ಅದೇ ನೀಲಿ ಅಂಗಿ. ಹಾಕಿಕೊಂಡು ಎದೆ ಖಾಲಿ ಮಾಡಿಕೊಂಡು ಬಾಕಿನ ಮೇಲೆ ಬಂದು ಕೂತೆ. ಪಕ್ಕದಲ್ಲಿ ಮಾಮಾ. ಎದುರಿನ ಗೋಡೆಗೆ ವಿಮಾನದ ಚಿತ್ರವಿದ್ದ ಕ್ಯಾಲೆಂಡರ್ ಇತ್ತು. ಅವನು ಬಹಳ ಹೊತ್ತು ಅದನ್ನೇ ನೋಡಿದ.

"ಪೈಪಿನ್ಯಾಗ ಚುಕ್ಕಿ ಬಂದ್ರ ಕೊರದು ತಗದು ಮತ್ತ ತುಂಬತಿದ್ವಿ" ಅಂದ. "ಇದನ್ನ ಹೆಂಗ ಕೊರೀಬೇಕಲೇ?"

ಆಗ ಅವನು ಒಂದು ಕೆಲಸ ಮಾಡಿದ. ನನ್ನನ್ನು ಬೆಳೆಸಿದವನು, ಕೈ ಹಿಡಿದು ಕಲಿಸಿದವನು, ತಪ್ಪಿದಾಗ ಬಾರಿಸಿದವನೂ ಹೌದು. ಆದರೆ ಬೆನ್ನು ಸವರಿದವನಲ್ಲ. ನಮ್ಮ ಮನೆಯ ಗಂಡಸರಿಗೆ ಅದು ಬರುವುದಿಲ್ಲ. ಅವತ್ತು ಆ ಬಾಕಿನ ಮೇಲೆ, ಅಷ್ಟು ಮಂದಿ ಪರಊರಿನವರ ನಡುವೆ, ಅವನು ನನ್ನ ಬೆನ್ನ ಮೇಲೆ ಅಂಗೈ ಇಟ್ಟ. ಕುತ್ತಿಗೆಯ ಕೆಳಗಿನಿಂದ ಮೆಲ್ಲಗೆ ಕೆಳಗೆ ಸವರಿದ. ಸವರುತ್ತ ಬಲಗಡೆಗೆ ಬಂದ. ಬಂದ ಕೈ ಅಲ್ಲೇ ನಿಂತಿತು.

ನಾಲ್ಕು ಬೆರಳು ಕೂಡಿಸಿ ಒತ್ತಿ ನೋಡಿದ.

"ಏನಲೇ ಇದು?"

"ಲಿಂಗಾ."

"ಬೆನ್ನಿನ್ಯಾಗ ಯಾಕ ಐತಿ?"

"ಎದಿ ಮ್ಯಾಲ ಏನೂ ಇರಬಾರದು ಅಂತ ಅಂದ್ರಲ್ಲ."

"ಅವತ್ತೂ ಇಲ್ಲೇ ಇತ್ತೇನು?"

"ಮತ್ತೆಲ್ಲಿ ಇರ್ತೈತಿ ಮಾಮಾ?"

ಅವನು ನನ್ನನ್ನು ನೋಡಿದ. ಆ ನೋಟ ನಾನು ಮರೆತಿಲ್ಲ. ಹುಡುಕಿ ಹುಡುಕಿ ಸಾಕಾದ ಎತ್ತು ಕೊಟ್ಟಿಗೆಯಲ್ಲೇ ಮಲಗಿದ್ದು ಕಂಡವನ ಮುಖ. ಮೊದಲು ಅವನ ಹೆಗಲು ಅಲುಗಿತು, ಆಮೇಲೆ ಹೊಟ್ಟೆ. ಬಾಯಿಗೆ ಟವೆಲು ಒತ್ತಿಕೊಂಡು ಬಗ್ಗಿದ. ನಗುತ್ತಿದ್ದಾನೋ ಅಳುತ್ತಿದ್ದಾನೋ ಗೊತ್ತಾಗದೆ ಆ ಕಡೆ ಕೂತಿದ್ದ ಡ್ರೈವರೊಬ್ಬ ನೀರಿನ ಬಾಟಲಿ ಚಾಚಿದ.

"ಹುಚ್ಚ ಸೂಳೆಮಗನ" ಅಂದ ಮಾಮಾ, ಉಸಿರು ಸಿಕ್ಕ ಮೇಲೆ. "ಪೈಪಿನ ಹಿಂದ ಸೀಸದ ಅಕ್ಷರ ಇಟ್ಟು ಎಕ್ಸ್-ರೇ ತಗೀತಾರ. ಫಿಲ್ಮಿನ್ಯಾಗ ಅಕ್ಷರ ಮೂಡ್ತಾವೋ ಇಲ್ಲೋ? ಹಿಂದ ಇಟ್ಟಿದ್ದು ಮುಂದ ಕಾಣ್ತೈತಿ ಅಂತ ನಿನಗ ಎಷ್ಟ ಸಲ ತೋರಿಸೇನಿ?"

ತೋರಿಸಿದ್ದ. ವರ್ಷವೂ ನೋಡುತ್ತಿದ್ದೆ. ಆದರೆ ನನ್ನ ಮೈಯೂ ಒಂದು ಪೈಪು ಅಂತ ನನಗೆ ಹೊಳೆದಿರಲಿಲ್ಲ. ಎದೆ ಅಂದರು, ಎದೆ ಖಾಲಿ ಮಾಡಿದೆ. ಬೆನ್ನು ಅಂದಿದ್ದರೆ ಎದೆಗೆ ತರುತ್ತಿದ್ದೆ.

ಮಾಮಾ ಎದ್ದು ಬಾಗಿಲು ತಟ್ಟದೆ ಡಾಕ್ಟರ ಕೋಣೆಗೆ ನುಗ್ಗಿದ. ಹಿಂದೆ ನಾನು, ಲಾಡಿ ಬಿಚ್ಚಿದ ನೀಲಿ ಅಂಗಿಯಲ್ಲಿ. ಮರಾಠಿ, ಹಿಂದಿ, ನಮ್ಮ ಕನ್ನಡ ಎಲ್ಲ ಕಲಸಿ ಅವನು ವಿವರಿಸಿದ, ನನ್ನನ್ನು ತಿರುಗಿಸಿ ಬೆನ್ನು ತೋರಿಸಿದ. ಡಾಕ್ಟರು ಕನ್ನಡಕ ತೆಗೆದು ಅರಿವೆಯ ಗಂಟನ್ನು ನೋಡಿದರು, ಹಲಗೆಯ ಮೇಲಿದ್ದ ಫೋಟೋ ನೋಡಿದರು. ಬೆಳ್ಳಿಯೋ ಚಿನ್ನವೋ ಆಗಿದ್ದರೆ ಬೆಳ್ಳಗೆ ಹೊಳೆದು ಮೊದಲ ದಿನವೇ ಗೊತ್ತಾಗುತ್ತಿತ್ತು, ಇದು ಏನು ಅಂತ ಕೇಳಿದರು. ಕಪ್ಪು ಕಂತಿ ಮೆತ್ತಿದ ಕಲ್ಲಿನ ಲಿಂಗ, ಹುಟ್ಟಿದಾಗ ಕಟ್ಟಿದ್ದು ಅಂತ ಹೇಳಿದೆ. ಅವರು ನಗು ತಡೆದುಕೊಂಡರು. ಆಮೇಲೆ ಗಂಭೀರವಾಗಿ, ಇದೇ ಇರಬಹುದು, ಇರದೆಯೂ ಇರಬಹುದು, ಬಿಚ್ಚಿ ಹೊರಗಿಟ್ಟು ಫೋಟೋ ತೆಗೆದರೆ ಮಾತ್ರ ತಿಳಿಯುತ್ತದೆ ಅಂದರು.

ಎಕ್ಸ್-ರೇ ಕೋಣೆಯ ಬಾಗಿಲಲ್ಲಿ ಒಂದು ಪ್ಲಾಸ್ಟಿಕ್ ಬುಟ್ಟಿ ಇತ್ತು. ಅದರಲ್ಲಿ ವಾಚು, ಬೆಲ್ಟು, ಕೀಲಿ, ಸರ. ಅಲ್ಲಿದ್ದವನು ಬುಟ್ಟಿ ತೋರಿಸಿದ. ನನ್ನ ಕೈ ಶಿವದಾರದ ತನಕ ಹೋಗಿ ನಿಂತಿತು. ವೀಸಾ ಬೇಕು. ಎದೆಯಲ್ಲಿ ಏನಿದೆ ಅನ್ನುವುದೂ ಗೊತ್ತಾಗಬೇಕು. ಆದರೆ ಮೈಯಿಂದ ಅಗಲಿಸಬೇಡ ಅಂತ ಅಜ್ಜಿ ಹೇಳಿದ್ದನ್ನು ಬೆಲ್ಟಿನ ಜೊತೆ ಬುಟ್ಟಿಗೆ ಹಾಕುವುದು ನನ್ನಿಂದಾಗಲಿಲ್ಲ. ಹಿಂದಿನವರು ಗೊಣಗತೊಡಗಿದರು.

"ತಡಿ" ಅಂದ ಮಾಮಾ. ಮೂಲೆಯ ನಲ್ಲಿಗೆ ಹೋಗಿ ಕೈ ತೊಳೆದ. ಕಬ್ಬಿಣದ ಕರಿ ಕೂತ ಕೈ, ಎಷ್ಟು ತೊಳೆದರೂ ಅಷ್ಟೇ. ಆದರೂ ಬೆರಳ ಸಂದಿಗಳನ್ನೆಲ್ಲ ತಿಕ್ಕಿ ತೊಳೆದು, ಧೋತರದ ಒಳಗಿನ ಚುಂಗಿನಲ್ಲಿ ಒರೆಸಿಕೊಂಡು ಬಂದು ಎರಡೂ ಅಂಗೈ ಕೂಡಿಸಿ ಒಡ್ಡಿದ.

"ಇಲ್ಲಿ ಕೊಡು. ನನ್ನ ಮೈ ಮ್ಯಾಲೂ ಒಂದೈತಿ. ಎರಡೂ ಕೂಡಿ ಕುಂದರ್ತಾವ."

ಕೊಟ್ಟೆ. ಅವನು ಅದನ್ನು ಎದೆಗೆ ಒತ್ತಿ ಹಿಡಿದು ಬಾಗಿಲ ಬದಿಗೆ ನಿಂತ. ನಾನು ಒಳಗೆ ಹೋಗಿ ಹಲಗೆಗೆ ಎದೆ ಕೊಟ್ಟೆ. ಉಸಿರು ಹಿಡಿ ಅಂದರು, ಹಿಡಿದೆ. ಹೊರಗೆ ಮಾಮಾ ಕೆಮ್ಮಿದ್ದು ಕೇಳಿಸಿತು. ಬಾಯಿಗೆ ಅಡ್ಡ ಹಿಡಿಯಲು ಅವನಿಗೆ ಕೈ ಖಾಲಿ ಇರಲಿಲ್ಲ.

ಎರಡು ಫೋಟೋ ಆದವು. ಹೊರಗೆ ಬಂದಾಗ ಮಾಮಾ ಶಿವದಾರವನ್ನು ನನ್ನ ಕೈಗೆ ಕೊಡಲಿಲ್ಲ, ತಾನೇ ಹೆಗಲಿಗೆ ಹಾಕಿ, ಗಂಟು ಸಡಿಲಾಗಿದೆಯೋ ಅಂತ ಎಳೆದು ನೋಡಿ, ಎದೆಯ ಮೇಲೆ ತಂದು ಕೂರಿಸಿದ.

ಡಾಕ್ಟರು ಕರೆದಾಗ ನನಗಿಂತ ಮೊದಲು ಅವನೇ ಒಳಗೆ ಹೋದ. ಹಲಗೆಯ ಮೇಲೆ ಹೊಸ ಫೋಟೋ ಇತ್ತು. ಪಕ್ಕೆಲುಬುಗಳು, ಅವುಗಳ ನಡುವೆ ಏನೂ ಇಲ್ಲ. ಮಾಮಾ ಡಾಕ್ಟರ ಮಾತು ಕೇಳಲಿಲ್ಲ. ಹಳೆಯದು, ಹೊಸದು ಎರಡನ್ನೂ ಕೇಳಿ ಇಸಿದುಕೊಂಡು ಕಿಟಕಿಗೆ ಹೋಗಿ, ಕಾರ್ಖಾನೆಯಲ್ಲಿ ಬಾಯ್ಲರಿನ ಫಿಲ್ಮು ನೋಡುವ ಹಾಗೆ ಕೈ ಚಾಚಿ ಬಿಸಿಲಿಗೆ ಹಿಡಿದ. ಮೇಲಿನಿಂದ ಕೆಳಗೆ ಸಾವಕಾಶ ನೋಡಿದ.

"ಅಗದಿ ಸ್ವಚ್ಛ ಐತಿ" ಅಂದ. "ಜೋಡಣಿ ಪಾಸ್."

ಹೊರಗೆ ಬಂದು ಎದುರಿನ ಖಾನಾವಳಿಯಲ್ಲಿ ಕೂತೆವು. ಮಾಮಾ ಒಂದು ತಾಟು ಮುಗಿಸಿ ಇನ್ನೊಂದಕ್ಕೆ ಕೈ ಮಾಡಿದ. ಎರಡನೆಯದರ ನಡುವೆ ನಿಲ್ಲಿಸಿ, ಚಪಾತಿ ಹಿಡಿದುಕೊಂಡೇ ಅಂದ.

"ನಿಮ್ಮವ್ವಗ ಏನ ಹೇಳಲಿ ಅಂತಿದ್ದೆ. ನಡಕೋತ ಸಾಲಿಗೆ ಹೊಂಟ ಹುಡುಗನ್ನ ಹೊಗಿಯಾಗ ಕುಂದ್ರಿಸಿದ್ಯಲ್ಲೋ ಅಂತ ಕೇಳ್ತಿದ್ಲು."

"ನೀ ಎಲ್ಲಿ ಕುಂದ್ರಿಸಿದಿ? ನಾನೇ ಸಾಲಿ ಬಿಟ್ಟು ಬಂದೆ."

"ಸಾಲಿ ಕಿಟಕಿ ಎದುರಿಗೆ ಶೆಡ್ ಹಾಕಿದಾವ ನಾನೇ ಅಲ್ಲೇನು?"

ಅಷ್ಟು ದಿನ ಅವನು ನುಂಗಿದ್ದು ಏನು ಅಂತ ಆಗ ತಿಳಿಯಿತು. ನನ್ನ ತಾಟಿನಲ್ಲಿದ್ದ ಉಳ್ಳಾಗಡ್ಡಿಯ ಹೋಳನ್ನು ಅವನ ತಾಟಿಗೆ ಹಾಕಿದೆ. ಅವನಿಗೆ ಅದು ಸೇರುತ್ತದೆ.

"ನೀನೂ ಒಂದು ಫೋಟೋ ತಗಿಸ್ಕೋ ಮಾಮಾ. ಬಂದೇವಿ ಹೆಂಗೂ."

"ನಾ ಯಾವ ಹಡಗ ಹತ್ತಬೇಕಾಗೇತಿ?" ಅಂತ ಉಳ್ಳಾಗಡ್ಡಿ ಕಡಿದ. ಮುಂದೆ ಅವನ ಮಗಳು ಅವನನ್ನು ಹುಬ್ಬಳ್ಳಿಗೆ ಎಳೆದುಕೊಂಡು ಹೋಗಿ ತೆಗೆಸಿದಳು. ಬೀಡಿ ಬಿಡಬೇಕು ಅಂದರಂತೆ. ಬಿಟ್ಟಿದ್ದೇನೆ ಅನ್ನುತ್ತಾನೆ. ಹೆಂಡತಿಯನ್ನು ಕೇಳಿದರೆ ನಗುತ್ತಾಳೆ.

ಖಾನಾವಳಿಯಿಂದಲೇ ಅವಳಿಗೆ ಫೋನ್ ಹಚ್ಚಿದೆ. ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿಸಿಕೊಂಡು, "ಅಪ್ಪಗ ಫೋನ್ ಕೊಡ್ರಿ" ಅಂದಳು. ಮಾಮಾ ಕಿವಿಗೆ ಹಚ್ಚಿಕೊಂಡ ಕೂಡಲೇ, "ಯಾಕ ಹಚ್ಚಿದಿ? ಊಟ ಮಾಡಾಕ ಬಿಡ್ತಿಯೋ ಇಲ್ಲೋ?" ಅಂತ ಬೈದ. ಆ ಕಡೆಯಿಂದ ಅವಳು ನಕ್ಕದ್ದು ನನಗೂ ಕೇಳಿಸಿತು.

ವೀಸಾ ನನ್ನ ಮೊಬೈಲಿಗೇ ಬಂತು, ನಾವು ಕಾರ್ಖಾನೆಯಲ್ಲಿದ್ದಾಗ. ಮಾಮಾ ನಂಬಲಿಲ್ಲ. ಶಿಕ್ಕೆ ಎಲ್ಲಿದೆ, ಸಹಿ ಎಲ್ಲಿದೆ ಅಂತ ಕೇಳಿ, ಪೇಟೆಗೆ ಹೋಗಿ ಅದನ್ನು ಕಾಗದದ ಮೇಲೆ ತೆಗೆಸಿಕೊಂಡು ಬಂದ ಮೇಲೆಯೇ ಒಪ್ಪಿದ.

ಓಮಾನಿಗೆ ಹೋಗಿ ಇಳಿದ ಮೇಲೆ ನನಗೆ ತಿಳಿದದ್ದು, ಅಲ್ಲಿಯೂ ಒಮ್ಮೆ ಎದೆಯ ಫೋಟೋ ತೆಗೆಯುತ್ತಾರೆ ಅಂತ. ಸಾಲಿನಲ್ಲಿ ನಿಂತಾಗ ಮತ್ತೆ ಅದೇ ಬುಟ್ಟಿ ಕಂಡಿತು. ಕೈ ಒಡ್ಡಲು ಮಾಮಾ ಇಲ್ಲ. ಪಕ್ಕಕ್ಕೆ ಸರಿದು ಅವನಿಗೆ ಫೋನ್ ಹಚ್ಚಿದೆ.

"ಮಾಮಾ, ಮತ್ತ ಫೋಟೋ ಅಂತ. ಲಿಂಗ ಯಾರ ಕೈಯಾಗ ಕೊಡ್ಲಿ?"

ಆ ಕಡೆ ಗ್ರೈಂಡರಿನ ಸದ್ದು ನಿಂತಿತು.

"ಯಾರ ಕೈಯಾಗೂ ಬ್ಯಾಡ. ತಲಿ ಮ್ಯಾಲ ಇಟಗೊಂಡು ಟವೆಲ್ ಸುತ್ತು. ನಿನ್ನ ತಲ್ಯಾಗ ಏನೂ ಇಲ್ಲ ಅನ್ನೂದು ಅವರಿಗೂ ಗೊತ್ತಿರ್ತೈತಿ, ಅಲ್ಲಿ ಫೋಟೋ ತಗ್ಯಾಂಗಿಲ್ಲ."

ಹಾಗೆಯೇ ಮಾಡಿದೆ. ಟವೆಲನ್ನು ರುಮಾಲಿನ ಹಾಗೆ ಬಿಗಿದು ಹಲಗೆಯ ಮುಂದೆ ನಿಂತೆ. ಎಕ್ಸ್-ರೇ ತೆಗೆಯುವವನು ಕೇರಳದ ಹುಡುಗ. ತಲೆಗೆ ಏನು ಅಂತ ಹಿಂದಿಯಲ್ಲಿ ಕೇಳಿದ. ನಮ್ಮ ಮಾಮಾ ಹೇಳಿದ್ದಾನೆ ಅಂದೆ. ಅವನಿಗೂ ಊರಲ್ಲಿ ಅಂಥ ಒಬ್ಬ ಮಾಮಾ ಇದ್ದಿರಬೇಕು, ಮತ್ತೇನೂ ಕೇಳದೆ ಉಸಿರು ಹಿಡಿ ಅಂದ.